ಕೇಬಲ್ ಮಾಪಣ್ಣನ ಕೊನೆಯ ಬಾಗಿಲು

ಮಾಪಣ್ಣ ಯಾರ ಮನೆಯ ಬೆಲ್ಲನ್ನೂ ಒತ್ತುವವನಲ್ಲ. ವೈರು ಕತ್ತರಿಸುವ ಪಕ್ಕಡ್‌ನಿಂದ ಕಬ್ಬಿಣದ ಜಾಲರಿ ಬಾಗಿಲಿಗೆ ಎರಡು ಸಲ ಟಣ್ ಟಣ್ ಅನ್ನಿಸಿ, ಒಂದು ಉಸಿರು ಬಿಟ್ಟು, "ಕೇಬಲ್" ಎನ್ನುತ್ತಾನೆ. ಕೂಗುವುದಿಲ್ಲ, ಮಾಮೂಲಿ ದನಿಯಲ್ಲೇ ಹೇಳುತ್ತಾನೆ. ಡೊಂಬಿವಲಿ ಸ್ಟೇಷನ್ನಿನ ಪೂರ್ವದ ಕಡೆ, ಹಳೇ ಮೂರು ಮಾಳಿಗೆಯ ಕಟ್ಟಡಗಳು ಒಂದರ ಬೆನ್ನಿಗೊಂದು ನಿಂತಿರುವ ಆ ಗಲ್ಲಿಗಳಲ್ಲಿ ಈ ಟಣ್ ಟಣ್ ಕೇಳಿದರೆ ಸಾಕು, ಒಳಗಿನವರು ಪರ್ಸ್ ಹುಡುಕಿಕೊಂಡೇ ಬಾಗಿಲಿಗೆ ಬರುತ್ತಿದ್ದರು. ಇಪ್ಪತ್ತೇಳು ವರ್ಷದಿಂದ ಹೀಗೇ ನಡೆದಿತ್ತು.

ಅವನ ಊರು ಕಲಬುರಗಿ ಜಿಲ್ಲೆಯ ಜೇವರ್ಗಿ ಕಡೆಯದು. ಬಿಲ್ಡಿಂಗ್ ಕೆಲಸಕ್ಕೆ ಮಣ್ಣು ಹೊರಲು ಬಂದವನು ಕೇಬಲ್ಲಿಗೆ ಸೇರಿದ್ದು ಒಂದು ಕಲ್ಲಿನ ದೆಸೆಯಿಂದ. ಆಗ ಉಡುಪಿ ಕಡೆಯ ಭುಜಂಗ ಎಂಬವನು ಒಂದು ಟೆರೇಸಿನ ಮೇಲೆ ಛತ್ರಿಯಂಥ ದೊಡ್ಡ ಡಿಶ್ ಕೂರಿಸಿ ಕೇಬಲ್ ಧಂದೆ ಶುರು ಮಾಡಿದ್ದ. ಒಂದು ಕಟ್ಟಡದಿಂದ ಇನ್ನೊಂದಕ್ಕೆ ವೈರು ಒಯ್ಯಬೇಕೆಂದರೆ ಕಲ್ಲಿಗೆ ಸುತಳಿ ಕಟ್ಟಿ ಎಸೆಯಬೇಕು. ಭುಜಂಗನ ಹುಡುಗರು ಎಸೆದ ಕಲ್ಲು ಎದುರಿನ ಮನೆಯ ಕಿಟಕಿ ಒಡೆಯುವುದೇ ಹೆಚ್ಚು. ಪಕ್ಕದ ಸೈಟಿನಿಂದ ಇದನ್ನು ನೋಡುತ್ತಿದ್ದ ಮಾಪಣ್ಣ ಒಂದು ದಿನ ಬಂದು, ಸುತಳಿ ಕಟ್ಟಿದ ಕಲ್ಲನ್ನು ಕವಣೆಯಲ್ಲಿಟ್ಟು ಒಂದೇ ಬೀಸಿಗೆ ಎದುರಿನ ನೀರಿನ ಟಾಕಿಯ ಪಕ್ಕಕ್ಕೆ ಬೀಳಿಸಿದ. ಜೋಳದ ಹೊಲದ ಅಟ್ಟಣೆಯ ಮೇಲೆ ನಿಂತು ಹಕ್ಕಿ ಓಡಿಸಿದ ಕೈ ಅದು. ಭುಜಂಗ ಆವತ್ತೇ ಅವನನ್ನು ಇಟ್ಟುಕೊಂಡ.

ವಸೂಲಿ ಮೊದಲಿನಿಂದಲೂ ಅವನದೇ, ಮೊಣಕಾಲು ಸವೆದ ಮೇಲೆ ಟೆರೇಸಿನ ಕೆಲಸ ಬಿಟ್ಟು ಬರೀ ವಸೂಲಿಗೆ ನಿಂತ. ತಿಂಗಳ ಐದನೇ ತಾರೀಖಿನಿಂದ ಹದಿನೈದರ ತನಕ ನಾನೂರ ಹನ್ನೆರಡು ಬಾಗಿಲು. ದುಡ್ಡು ಕೊಡಲು ಯಾರಿಗಾದರೂ ಎಷ್ಟು ಹೊತ್ತು ಬೇಕು? ಅರ್ಧ ನಿಮಿಷ. ಆದರೆ ಮಾಪಣ್ಣ ಒಂದೊಂದು ಬಾಗಿಲಲ್ಲಿ ಹತ್ತು ನಿಮಿಷ ನಿಲ್ಲುತ್ತಿದ್ದ. ಒಬ್ಬರು ಹಾಲಿನವನ ಮೇಲೆ ದೂರು ಹೇಳುವರು, ಇನ್ನೊಬ್ಬರು ಮಗಳಿಗೆ ಬಂದ ಗಂಡಿನ ಫೋಟೋ ತೋರಿಸುವರು. ಒಂದು ಕಟ್ಟಡದ ಎರಡನೇ ಮಾಳಿಗೆಯ ಜೋಶಿ ಆಜೋಬಾ, ಅಂದರೆ ಜೋಶಿ ಅಜ್ಜ, ಅಂತೂ ಇವನು ಬರುವವರೆಗೂ ಬಲ್ಬು ಬದಲಿಸದೆ ಕತ್ತಲಲ್ಲೇ ಕೂತಿರುತ್ತಿದ್ದರು.

ಸಂಜೆ ಲೋಕಲ್ ಗಾಡಿ ಹಿಡಿದು ಕಲ್ಯಾಣದ ತನ್ನ ಕೋಣೆಗೆ ಮರಳಿದರೆ ಮಾತಾಡಲು ಯಾರೂ ಇಲ್ಲ. ಹೆಂಡತಿ ಮರಗಮ್ಮ ತೀರಿಕೊಂಡು ಎಂಟು ವರ್ಷ. ಮಕ್ಕಳಾಗಲಿಲ್ಲ. ಅವಳು ಹೋದ ತಿಂಗಳೇ ಟಿವಿಯನ್ನು ಪಕ್ಕದವರಿಗೆ ಕೊಟ್ಟುಬಿಟ್ಟ. ನಾನೂರು ಮನೆಗೆ ಟಿವಿ ಬರುವಂತೆ ಮಾಡಿದವನ ಗೋಡೆಯ ಮೊಳೆಯಲ್ಲಿ ಒಂದು ಸುತ್ತು ಕರಿ ವೈರು ಮಾತ್ರ ಜೋತಾಡುತ್ತಿತ್ತು. ಆ ಕೋಣೆಯ ಬಾಗಿಲನ್ನು ತಟ್ಟುವವರು ಯಾರೂ ಇರಲಿಲ್ಲ. ಹಾಗಾಗಿ ಅವನಿಗೆ ತಿಂಗಳಿಗೆ ಹತ್ತೇ ದಿನ. ಉಳಿದ ಇಪ್ಪತ್ತು ದಿನ ಆ ಹತ್ತು ದಿನಕ್ಕಾಗಿ ಕಾಯುವುದು.

ಈ ಬೇಸಿಗೆಯಲ್ಲಿ ಭುಜಂಗ ಅವನನ್ನು ಆಫೀಸಿಗೆ ಕರೆದು ಕೂರಿಸಿದ. ಮೇಜಿನ ಮೇಲೆ ಹೊಳೆಯುವ ಕಾಗದದ ಕಟ್ಟು, ಅದರ ಮೇಲೆ ದೊಡ್ಡದಾಗಿ 'ಚಾರ್ ಇನ್ ಒನ್'.

"ಮಾಪಣ್ಣ, ಇನ್ನು ಮೇಲೆ ಎಲ್ಲ ಒಂದೇ ವೈರಿನಲ್ಲಿ. ಟಿವಿ, ವೈಫೈ, ಮನೆ ಫೋನು. ಮೇಲೆ ಮೊಬೈಲಿಗೆ ಒಂದು ಸಿಮ್ಮು. ಬಿಲ್ಲು ಒಂದೇ, ಬ್ಯಾಂಕಿನಿಂದ ತನ್ನಿಂತಾನೇ ಹೋಗ್ತದೆ," ಎಂದ ಭುಜಂಗ.

"ಮತ್ತ ವಸೂಲಿ?"

"ವಸೂಲಿ ಎಂತದು ಮಾರಾಯ? ಅದೇ ಹೇಳಿದ್ದಲ್ಲವಾ, ಬ್ಯಾಂಕಿನಿಂದ ಹೋಗ್ತದೆ. ನಿನಗೆ ಇಲ್ಲೇ ಕುರ್ಚಿ. ಏಸಿ ಉಂಟು. ಕಂಪ್ಲೇಂಟ್ ಫೋನ್ ಎತ್ತಿಕೊಂಡು ಕೂತ್ರಾಯ್ತು. ಸಂಬಳ ಒಂದು ಪೈಸೆ ಕಮ್ಮಿ ಆಗುವುದಿಲ್ಲ. ಮೆಟ್ಟಿಲು ಹತ್ತುವ ಕರ್ಮ ಮುಗೀತು ನಿನ್ನದು."

ಮಾಪಣ್ಣ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದ. ಸಂಬಳ ಹೋಗುತ್ತದೆ ಎಂದಿದ್ದರೆ ಜಗಳವಾದರೂ ಆಡಬಹುದಿತ್ತು. ಕುರ್ಚಿ ಕೊಡುತ್ತೇನೆ ಎನ್ನುವವನ ಹತ್ತಿರ ಏನಂತ ಜಗಳ ಆಡುವುದು?

"ಹಳೇ ಗಿರಾಕಿಗಳಿಗೆ ನೀನೇ ಹೇಳಬೇಕು," ಭುಜಂಗ ಅಂದ. "ನಮ್ಮ ಹುಡುಗರು ಹೇಳಿದ್ರೆ ನಂಬುವುದಿಲ್ಲ ಅವರು. ನೀನು ಹೇಳಿದ್ರೆ ತಗೊಳ್ತಾರೆ."

ಅದು ನಿಜವೂ ಆಗಿತ್ತು. ಮಾಪಣ್ಣ ಕಾಗದ ಹಿಡಿದು ಹೋದ ಬಾಗಿಲಿನಲ್ಲೆಲ್ಲ ಒಂದೇ ಪ್ರಶ್ನೆ. "ಪರವಡ್ತಂ ಕಾ ರೇ, ಮಾಪಣ್ಣಾ?" ಅಂದರೆ, ನಮಗೆ ಗಿಟ್ಟುತ್ತದೇನಪ್ಪ ಎಂದು. ಇವನು ಸುಳ್ಳು ಹೇಳಿ ಗೊತ್ತಿಲ್ಲದವನು. ಚೀಟಿಯ ಬೆನ್ನಿಗೆ ಲೆಕ್ಕ ಹಾಕಿ ಹೇಳುತ್ತಿದ್ದ. ಮನೆಯಲ್ಲಿ ಓದುವ ಮಕ್ಕಳಿದ್ದಾರೆ, ವೈಫೈ ಬೇಕೇ ಬೇಕು ಅಂದರೆ ತಗೊಳ್ಳಿ, ತಿಂಗಳಿಗೆ ಐನೂರು ಉಳಿಯುತ್ತದೆ. ಬರೀ ಟಿವಿ ನೋಡುವವರಾದರೆ ಬೇಡ, ಉಣ್ಣದ ಊಟಕ್ಕೆ ದುಡ್ಡು ಕೊಟ್ಟ ಹಾಗೆ. ವೈರು ಕಡಿದರೆ ಟಿವಿ, ಫೋನು, ನೆಟ್ಟು ಎಲ್ಲ ಒಟ್ಟಿಗೇ ಮಲಗುತ್ತವೆ, ಅದನ್ನೂ ಹೇಳುತ್ತಿದ್ದ. ಹತ್ತರಲ್ಲಿ ಎಂಟು ಮನೆಗೆ ಗಿಟ್ಟುತ್ತಿತ್ತು. ಜೋಶಿ ಆಜೋಬಾ ಕೂಡ ರಜೆಗೆ ಬರುವ ಮೊಮ್ಮಗನಿಗಾಗಿ ತಗೊಂಡರು. ಪ್ರತಿ ಸಲ ಫಾರಂ ತುಂಬಿ ಮೆಟ್ಟಿಲು ಇಳಿಯುವಾಗ ಮಾಪಣ್ಣನಿಗೆ ಹಿಂದೆ ಒಂದು ಬಾಗಿಲು ಮುಚ್ಚಿದ ಸದ್ದು ಕೇಳುತ್ತಿತ್ತು. ದಿನಾ ಕೇಳುವ ಸದ್ದೇ ಅದು, ಆದರೆ ಇನ್ನು ಅಲ್ಲಿ ಟಣ್ ಟಣ್ ಅನ್ನಿಸುವ ಕೆಲಸವಿಲ್ಲ.

ಗಿಟ್ಟದ ಮನೆಗಳವರೂ ನೆರೆಹೊರೆ ನೋಡಿ ತಾವೇ ಫೋನು ಮಾಡಿ ಹಾಕಿಸಿಕೊಂಡರು. ಕೊನೆಗೆ ಉಳಿದದ್ದು ಒಂದೇ ಬಾಗಿಲು. ಜೋಶಿ ಆಜೋಬಾರ ಕಟ್ಟಡದಲ್ಲೇ ಮೂರನೇ ಮಾಳಿಗೆಯ ವನಮಾಲಾ ಅಕ್ಕನದು.

ಇಡೀ ವಸೂಲಿಯಲ್ಲಿ ಅವನು ಕನ್ನಡ ಮಾತಾಡುತ್ತಿದ್ದ ಮನೆ ಅದೊಂದೇ. ಅಕ್ಕನ ಗಂಡ ಮಧ್ವರಾಜರು ಸ್ಟೇಷನ್ ಹತ್ತಿರದ ವೆಜ್ ಹೋಟೆಲಿನಲ್ಲಿ ಮ್ಯಾನೇಜರಾಗಿದ್ದವರು. ಅವರು ಹೋಗಿ ಆರು ವರ್ಷ. ಒಬ್ಬಳೇ ಮಗಳು ಅಮೂಲ್ಯಾ ಮದುವೆಯಾಗಿ ಘಣಸೋಲಿಯಲ್ಲಿದ್ದಾಳೆ, ಕೆಲಸ ರಬಾಳೆಯ ಒಂದು ಔಷಧ ಕಂಪನಿಯಲ್ಲಿ. ದೂರವೇನಲ್ಲ, ಠಾಣೆಯಲ್ಲಿ ಗಾಡಿ ಬದಲಿಸಿದರೆ ಗಂಟೆಯ ದಾರಿ. ಆದರೆ ವಾರಕ್ಕೆ ಒಂದೇ ರಜೆ ಇರುವವಳಿಗೆ ಆ ಗಂಟೆಯೇ ಸಿಗುವುದಿಲ್ಲ.

ಈ ಮನೆಯದೊಂದು ಪದ್ಧತಿ. ಐದನೇ ತಾರೀಖು ಏಕಾದಶಿ ಬಿದ್ದರೆ ಮಾಪಣ್ಣ ಆವತ್ತು ಹೋಗುವುದಿಲ್ಲ. ಆವತ್ತು ಅಕ್ಕ ನೀರೂ ಕುಡಿಯುವುದಿಲ್ಲ, ಬಂದವರಿಗೆ ಏನೂ ಕೊಡಲಾಗುವುದಿಲ್ಲವಲ್ಲ ಎಂದು ಒದ್ದಾಡುತ್ತಾರೆ. ಮರುದಿನ ದ್ವಾದಶಿ, ಬೆಳಿಗ್ಗೆಯೇ ಉಪವಾಸ ಮುರಿಯುವ ಪಾರಣೆ. ಆವತ್ತು ಎಂಟು ಗಂಟೆಗೆ ಹೋದರೆ ನಡುಮನೆಯ ಸ್ಟೂಲಿನ ಮೇಲೆ ಸ್ಟೀಲ್ ತಟ್ಟೆಯಲ್ಲಿ ಉದ್ದಿನ ದೋಸೆ, ನೆಲ್ಲಿಕಾಯಿ ತಂಬುಳಿ. ಮೊದಲನೇ ಸಲ ತಿಂದಾಗ ಮಾಪಣ್ಣ ಮುಗ್ಧವಾಗಿ, "ಉಳ್ಳಾಗಡ್ಡಿ ಅದಾವೇನ್ರಿ ಅಕ್ಕಾರ?" ಎಂದು ಕೇಳಿದ್ದ. ಆ ಮನೆಯಲ್ಲಿ ದ್ವಾದಶಿಯ ದಿನ ಈರುಳ್ಳಿ ಕೇಳಿದ ಮೊದಲ ಮನುಷ್ಯ ಅವನೇ ಇರಬೇಕು. ಅಡುಗೆಮನೆಯಲ್ಲಿದ್ದ ಮಧ್ವರಾಜರು ನಕ್ಕು ನಕ್ಕು ನೆತ್ತಿಗೆ ಹತ್ತಿಸಿಕೊಂಡಿದ್ದರು. ಆ ಅಡುಗೆಮನೆಯನ್ನು ಮಾಪಣ್ಣ ಇವತ್ತಿನವರೆಗೂ ನೋಡಿಲ್ಲ. ಅವನಿಗೆ ಗೊತ್ತಿರುವುದು ಬಾಗಿಲಿನಿಂದ ಟಿವಿಯವರೆಗಿನ ಒಂಬತ್ತು ಹೆಜ್ಜೆ ಮಾತ್ರ.

ಜುಲೈ ಐದಕ್ಕೆ ಹೋದಾಗ ಅಕ್ಕನ ಕೈಯಲ್ಲೇ ಆ ಕಾಗದ ಇತ್ತು.

"ಅಮೂಲ್ಯಾ ಕಳಿಸಿದ್ದು ಮಾಪಣ್ಣ. ಬಿಲ್ಲಿನ ದುಡ್ಡೆಲ್ಲ ಅವಳೇ ಕಳಿಸುವುದಲ್ಲವಾ. ಕೇಬಲ್‌ದು ಒಂದು, ವೈಫೈದು ಒಂದು, ನನ್ನ ಮೊಬೈಲಿದು ಒಂದು. ಒಂದೇ ಮಾಡುವ ಅಂತಾಳೆ. ಇಲ್ಲದಿದ್ರೆ ಒಂದನ್ನು ತೆಗೆಸು ಅಂತಾಳೆ. ನೀವು ಹೇಳಿ, ಇದು ಲಾಯಕ್ಕುಂಟಾ?"

ಮಾಪಣ್ಣನಿಗೆ ಲೆಕ್ಕ ಹಾಕುವ ಅಗತ್ಯವೇ ಇರಲಿಲ್ಲ. ಬಾಗಿಲಿಗೆ ಬರುವ ಮುಂಚೆಯೇ ಮನಸ್ಸು ಲೆಕ್ಕ ಮುಗಿಸಿತ್ತು. ಈ ಮನೆಗೆ ಗಿಟ್ಟುತ್ತದೆ. ಚೆನ್ನಾಗಿಯೇ ಗಿಟ್ಟುತ್ತದೆ. ಕನ್ನಡ ಚಾನೆಲ್ಲಿಗೆ ಬೇರೆ ಇಪ್ಪತ್ತು ರೂಪಾಯಿ ಕೊಟ್ಟರೂ ಅರ್ಧಕ್ಕರ್ಧ ಉಳಿಯುತ್ತದೆ.

ಅವನು ಟಿವಿಯ ಕಡೆ ನೋಡಿದ. ಸ್ಟೂಲಿನ ಕಡೆ ನೋಡಿದ.

"ಬ್ಯಾಡ್ರಿ ಅಕ್ಕಾರ," ಅಂದ. "ಎಲ್ಲಾ ಒಂದರಾಗ ಇಟ್ರ ಮಳಿಗಾಲದಾಗ ಎಲ್ಲಾ ಒಮ್ಮೆಕ್ಕೇ ಹೋಗ್ತಾವ. ನಿಮಗ ಪರವಡಂಗಿಲ್ಲ ಅದು."

"ಹೌದಾ? ಹಾಗಾದ್ರೆ ಬೇಡ ಬಿಡಿ," ಅಂದರು ಅಕ್ಕ. ಕಾಗದವನ್ನು ಮಡಿಸಿ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದರು. ಇನ್ನೊಂದು ಪ್ರಶ್ನೆ ಕೇಳಲಿಲ್ಲ.

ಅವರು ಅಷ್ಟು ಸುಲಭಕ್ಕೆ ನಂಬಿದ್ದೇ ಅವನ ಎದೆಗೆ ಚುಚ್ಚಿತು. ಇಪ್ಪತ್ತೇಳು ವರ್ಷ ನಿಜ ಹೇಳಿ ಗಳಿಸಿದ್ದನ್ನೆಲ್ಲ ಒಂದು ಮಾತಿನಲ್ಲಿ ಖರ್ಚು ಮಾಡಿದ ಹಾಗಾಯಿತು. ಆದರೂ ಕಲ್ಯಾಣದ ಗಾಡಿಯಲ್ಲಿ ನೇತಾಡಿಕೊಂಡು ಹೋಗುವಾಗ, ಇರಲಿ, ಒಂದಾದರೂ ಉಳಿಯಿತು, ಎಂದುಕೊಂಡ. ಯಾರಿಗೇನು ನಷ್ಟ?

ನಷ್ಟ ಯಾರಿಗೆ ಎಂದು ಆಗಸ್ಟಿನಲ್ಲಿ ಗೊತ್ತಾಯಿತು.

ಆ ತಿಂಗಳ ಐದರಂದು ಅವನಿಗೆ ಇಡೀ ವಸೂಲಿಯೆಂದರೆ ಆ ಒಂದೇ ಮನೆ. ಬೆಳಿಗ್ಗೆಯೇ ಹೋಗಿಬಿಟ್ಟರೆ ದಿನವೆಲ್ಲ ಖಾಲಿ ಎಂದು ಸಂಜೆಯವರೆಗೆ ಕಾದು ಏಳಕ್ಕೆ ಹೋದ. ಅಕ್ಕ ದೇವರ ಮುಂದೆ ದೀಪ ಹಚ್ಚಿ ಬಂದು ಬಾಗಿಲು ತೆಗೆದರು. ಮುಖ ಬಾಡಿತ್ತು. ನಡುಮನೆಯಲ್ಲಿ ಏನೋ ಕಡಿಮೆ ಅನ್ನಿಸಿ ಮಾಪಣ್ಣ ಸುತ್ತ ನೋಡಿದ. ಟಿವಿಯ ಪಕ್ಕ ಮಿಣಮಿಣ ಅನ್ನುತ್ತಿದ್ದ ವೈಫೈ ಡಬ್ಬಿ ಇಲ್ಲ.

"ಡಬ್ಬಿ ಎಲ್ಲಿ ಹೋತ್ರಿ ಅಕ್ಕಾರ?"

"ತೆಗೆಸಿದೆ ಮಾಪಣ್ಣ. ಪ್ಯಾಕು ಬೇಡ ಅಂದ ಮೇಲೆ ಒಂದನ್ನು ಬಿಡ್ಬೇಕಲ್ಲವಾ. ಮಗಳಿಗಾದ್ರೂ ಎಷ್ಟು ಅಂತ ಭಾರ ಹಾಕುವುದು."

"ಮತ್ತ ಸಂಜಿ ಫೋನು?"

ಮಾಪಣ್ಣನಿಗೆ ಅದು ಗೊತ್ತಿತ್ತು. ಉಡುಪಿಯಲ್ಲಿ ಅಕ್ಕನ ತಂಗಿ ಶ್ರೀಪ್ರಿಯಾ ಇದ್ದಾರೆ. ದಿನಾ ಸಂಜೆ ಏಳಕ್ಕೆ ಇಬ್ಬರೂ ವಿಡಿಯೋ ಕಾಲ್ ಹಚ್ಚಿ, ಫೋನನ್ನು ದೇವರ ಮಂಟಪಕ್ಕೆ ಒರಗಿಸಿಟ್ಟು, ಅಲ್ಲೊಂದು ಇಲ್ಲೊಂದು ದೀಪ ಒಟ್ಟಿಗೇ ಹಚ್ಚುತ್ತಿದ್ದರು. ಆಮೇಲೆ ಅರ್ಧ ಗಂಟೆ ತುಳುವಿನಲ್ಲಿ ಊರಿನ ಸುದ್ದಿ.

"ಅದು ನಿಂತಿತು," ಅಂದರು ಅಕ್ಕ. "ಮೊಬೈಲಿನ ನೆಟ್ಟು ಈ ಕಟ್ಟಡದಲ್ಲಿ ಸರಿ ಬರುವುದಿಲ್ಲ. ಅವಳ ಮುಖ ಚೂರು ಚೂರಾಗಿ ಕಾಣ್ತದೆ. ದೀಪ ಹಚ್ಚುವಷ್ಟರಲ್ಲಿ ಕಟ್ಟಾಗ್ತದೆ. ನಾಲ್ಕು ದಿನ ನೋಡಿದೆವು, ಆಮೇಲೆ ಅವಳೂ ಬಿಟ್ಟಳು, ನಾನೂ ಬಿಟ್ಟೆ."

"ಕೇಬಲ್ ತೆಗಿಸಬೇಕಿತ್ತಲ್ರಿ. ಅದನ್ಯಾಕ ಇಟ್ರಿ?"

ಅಕ್ಕ ದುಡ್ಡನ್ನು ಎಣಿಸುತ್ತಿದ್ದವರು ಎಣಿಸುವುದನ್ನು ನಿಲ್ಲಿಸಲಿಲ್ಲ. "ಕೇಬಲ್ ತೆಗೆಸ್ಲಿಕ್ಕೆ ಮನಸ್ಸು ಬರ್ಲಿಲ್ಲ," ಅಂದರು. "ಟಿವಿ ನಾನು ನೋಡುವುದು ಅಷ್ಟರಲ್ಲೇ ಉಂಟು."

ಮಾಪಣ್ಣ ಆ ದುಡ್ಡನ್ನು ತಗೊಳ್ಳಲಿಲ್ಲ. ಸ್ಟೂಲಿನ ಮೇಲೆ ಕೂತ. ಕೂರಿ ಅನ್ನುವ ಮೊದಲೇ ಅವನು ಆ ಮನೆಯಲ್ಲಿ ಕೂತದ್ದು ಅದೇ ಮೊದಲು.

"ಅಕ್ಕಾರ, ನಾ ಹೋದ ತಿಂಗಳ ಸುಳ್ಳ ಹೇಳೀನ್ರಿ."

"ಎಂತ ಸುಳ್ಳು?"

"ಆ ಪ್ಯಾಕ್ ನಿಮಗ ಪರವಡ್ತದ. ಭಾಳ ಪರವಡ್ತದ. ನನಗ ಗೊತ್ತಿತ್ತು. ನೀವು ತಗೊಂಡ್ರ ನಾ ಇಲ್ಲಿಗಿ ಬರೂದು ನಿಂದರ್ತದ. ಅದಕ್ಕ ಬ್ಯಾಡ ಅಂದೆ."

ಅಕ್ಕ ಎಣಿಸಿದ ದುಡ್ಡನ್ನು ಮತ್ತೆ ಪರ್ಸಿಗೆ ಹಾಕಿದರು. ದೇವರ ಕೋಣೆಯಲ್ಲಿ ಎಣ್ಣೆ ಚಟ್ ಅಂದಿತು.

"ನೀವು ಒಳ್ಳೆ ಜನ ಮಾರಾಯ್ರೆ," ಅಂದರು. ದನಿಯಲ್ಲಿ ಸಿಟ್ಟೂ ಇತ್ತು. "ಒಂದು ತಿಂಗಳು ನನ್ನ ತಂಗಿಯ ಮುಖ ತಪ್ಪಿಸಿದ್ರಲ್ಲ."

"ಹೌದ್ರಿ. ತಪ್ಪಾಗ್ಯದ."

"ತಿಂಡಿ ತಿನ್ಲಿಕ್ಕೆ ಬರ್ಬೇಕು ಅಂತಿದ್ರೆ ಹಾಗೇ ಹೇಳ್ಬಹುದಿತ್ತಲ್ಲ."

"ಹಂಗ ಹ್ಯಾಂಗ ಬರ್ಲಿ ಅಕ್ಕಾರ? ಏನಂತ ಬರ್ಲಿ?"

ಅವನು ಕೇಳಿದ್ದು ನಿಜವೇ ತಾನೆ. ಗಂಡ ಇಲ್ಲದ ಹೆಂಗಸೊಬ್ಬರೇ ಇರುವ ಮನೆಗೆ, ಕೈಯಲ್ಲಿ ರಸೀದಿ ಪುಸ್ತಕ ಇಲ್ಲದೆ, ಒಬ್ಬ ಗಂಡಸು ಮೂರು ಮಾಳಿಗೆ ಹತ್ತಿ ಬಂದರೆ ಎದುರು ಬಾಗಿಲಿನವರು ಏನಂದುಕೊಂಡಾರು? ಪಕ್ಕಡ್ ಮತ್ತು ರಸೀದಿ ಇದ್ದರೆ ಮಾತ್ರ ಅವನು ಮಾಪಣ್ಣ. ಅವು ಇಲ್ಲದಿದ್ದರೆ ಯಾರೋ ಒಬ್ಬ.

ಅಕ್ಕ ಎದ್ದು ಕ್ಯಾಲೆಂಡರಿನ ಹಿಂದಿನಿಂದ ಕಾಗದ ತೆಗೆದು, ಕನ್ನಡಕ ಹಾಕಿಕೊಂಡು, ಅಡಿಯಲ್ಲಿ ಇರುವೆ ಸಾಲಿನಂಥ ಅಕ್ಷರವನ್ನೂ ಬಿಡದೆ ಓದಿದರು. ಒಂದು ಕಡೆ ಬೆರಳಿಟ್ಟು ನಿಲ್ಲಿಸಿದರು.

"ಇದೆಂತದು? ವರ್ಷಕ್ಕೆ ನಾಲ್ಕು ವಿಜಿಟ್ ಫ್ರೀ ಅಂತ?"

"ಏನರ ಕೆಟ್ರ ಕಂಪ್ಲೇಂಟ್ ಮಾಡ್ಬೇಕ್ರಿ. ಆಫೀಸಿನ ಮಂದಿ ಬಂದು ನೋಡ್ತಾರ. ನಾಲ್ಕು ಸಲ ಪುಕ್ಕಟ. ಆಮ್ಯಾಲ ರೊಕ್ಕ."

"ಹೂಂ," ಅಂದರು ಅಕ್ಕ. "ಫಾರಂ ಕೊಡಿ. ಎಲ್ಲಿ ಸೈನು ಮಾಡ್ಬೇಕು ತೋರ್ಸಿ."

ಮೂರು ದಿನದಲ್ಲಿ ವೈರು ಬಂತು. ಹುಡುಗರನ್ನು ಕಳಿಸುತ್ತೇನೆ ಎಂದ ಭುಜಂಗನಿಗೆ ಬೇಡ ಎಂದು ಹೇಳಿ ಮಾಪಣ್ಣನೇ ನಿಂತು ಹಾಕಿಸಿದ. ತಾನೇ ಎಳೆದಿದ್ದ ಹಳೇ ಕರಿ ವೈರನ್ನು ತಾನೇ ಕತ್ತರಿಸಿ ಸುತ್ತಿಕೊಂಡ. ಬಿಳಿ ಡಬ್ಬಿಯ ದೀಪ ಹತ್ತಿದ ಮೇಲೆ ಹೊಸ ಮನೆ ಫೋನಿನಿಂದ ಪರೀಕ್ಷೆಗೆ ಒಂದು ನಂಬರು ಒತ್ತಬೇಕು. ಅವನು ತನ್ನದನ್ನೇ ಒತ್ತಿದ. ಚೀಲದಲ್ಲಿ ಫೋನು ರಿಂಗಾಯಿತು.

"ಎತ್ತಿ," ಅಂದರು ಅಕ್ಕ.

"ಇಲ್ಲೇ ಅದೀನಲ್ರಿ."

"ಸರಿ ಕೇಳ್ತದಾ ಅಂತ ನೋಡ್ಬೇಡ್ವಾ? ಎತ್ತಿ."

ಎತ್ತಿದ. ಮೂರು ಹೆಜ್ಜೆ ಆಚೆ ನಿಂತ ಅಕ್ಕ ರಿಸೀವರಿನಲ್ಲಿ "ಹಲೋ" ಅಂದರು, ಇವನೂ "ಹಲೋ" ಅಂದ. ಅಷ್ಟೇ, ಇಟ್ಟುಬಿಟ್ಟರು.

ಅಲ್ಲಿಗೆ ಬಾಗಿಲುಗಳು ಮುಗಿದವು. ಮಾಪಣ್ಣ ಏಸಿಯ ಕೆಳಗೆ ಸ್ವೆಟರ್ ಹಾಕಿಕೊಂಡು ಕೂತ. ಎದುರಿನ ಪರದೆಯ ಮೇಲೆ ಮನೆಗೊಂದು ಚುಕ್ಕೆ. ಡಬ್ಬಿ ಚಾಲೂ ಇದ್ದರೆ ಹಸಿರು, ಬಂದಾದರೆ ಬೂದಿ ಬಣ್ಣ. ಇಪ್ಪತ್ತೇಳು ವರ್ಷ ಹತ್ತಿ ಇಳಿದ ಮೆಟ್ಟಿಲುಗಳೆಲ್ಲ ಅಂಗೈಯಗಲದ ಗಾಜಿನ ಮೇಲೆ ಬಂದು ಕೂತಿದ್ದವು. ಯಾರ ಮನೆಯಲ್ಲಿ ಯಾವ ಚಾನೆಲ್ಲು ನಡೆಯುತ್ತಿದೆ ಎಂಬುದೂ ಕಾಣುತ್ತಿತ್ತು. ಯಾರ ಮನೆಯಲ್ಲಿ ಏನು ನಡೆಯುತ್ತಿದೆ ಎಂಬುದು ಮಾತ್ರ ಕಾಣುತ್ತಿರಲಿಲ್ಲ. ಜೋಶಿ ಆಜೋಬಾರ ಬಲ್ಬನ್ನು ಈಗ ಯಾರು ಬದಲಿಸುತ್ತಾರೋ ಏನೋ, ಅವರ ಚುಕ್ಕೆಯೂ ಹಸಿರೇ.

ಅಕ್ಕನದು ರಾತ್ರಿ ಬೂದಿಯಾಗುತ್ತಿತ್ತು. ಮಲಗುವ ಮುಂಚೆ ಮನೆಯ ಸ್ವಿಚ್ಚನ್ನೆಲ್ಲ ಆರಿಸುವುದು ಅವರ ಅಭ್ಯಾಸ. ಮಾಪಣ್ಣ ಬೆಳಿಗ್ಗೆ ಒಂಬತ್ತಕ್ಕೆ ಬಂದವನೇ ಮೊದಲು ಆ ಚುಕ್ಕೆಯನ್ನು ಹುಡುಕಿ, ಹಸಿರು ಇದೆಯೆಂದು ನೋಡಿ, ಆಮೇಲೆ ಚೀಲ ಇಳಿಸುತ್ತಿದ್ದ. ಸಂಜೆ ಏಳಕ್ಕೆ ಕೆಲಸ ಮುಗಿದರೂ ಐದು ನಿಮಿಷ ಕೂತು ನೋಡುತ್ತಿದ್ದ. ಆ ಹೊತ್ತಿಗೆ ನೆಟ್ಟಿನ ಗೆರೆ ಮೇಲೇರುತ್ತಿತ್ತು. ಉಡುಪಿಯಲ್ಲಿ ಒಂದು ದೀಪ, ಇಲ್ಲಿ ಒಂದು. ಏರಿದ್ದನ್ನು ನೋಡಿ ಎದ್ದು ಕಲ್ಯಾಣದ ಗಾಡಿ ಹಿಡಿಯುತ್ತಿದ್ದ.

ಸೆಪ್ಟೆಂಬರಿನ ಒಂದು ಬೆಳಿಗ್ಗೆ, ಒಂಬತ್ತೂಕಾಲಕ್ಕೆ, ಕಂಪ್ಲೇಂಟ್ ಫೋನು ರಿಂಗಾಯಿತು.

"ಮಾಪಣ್ಣ, ಟಿವಿ ಬರ್ತಾ ಇಲ್ಲ."

ಅವನು ಪರದೆ ನೋಡಿದ. ಚುಕ್ಕೆ ಹಸಿರು. ಪಕ್ಕದಲ್ಲೇ ಕನ್ನಡ ಚಾನೆಲ್ಲಿನ ಹೆಸರೂ ಇತ್ತು. ಅಷ್ಟೇ ಅಲ್ಲ, ಫೋನಿನೊಳಗಿಂದ ಟಿವಿಯಲ್ಲಿ ಯಾರೋ ಪಂಚಾಂಗ ಓದುವುದು ಕೇಳುತ್ತಿತ್ತು. ದ್ವಾದಶಿ ಎಂದು ಹೇಳಿದ್ದೂ ಕೇಳಿತು.

"ಡಬ್ಬಿ ಮ್ಯಾಲ ಕೆಂಪು ದೀಪ ಅದ ಏನ್ರಿ?"

"ನನಗೆಂತ ಗೊತ್ತು? ಬಂದು ನೋಡಿ."

ಹಿಂದೆ ನಿಂತಿದ್ದ ಭುಜಂಗ ಬಗ್ಗಿ ಪರದೆಯನ್ನು ನೋಡಿದ. "ಹಸಿರೇ ಉಂಟಲ್ಲ. ಇಲ್ಲಿಂದಲೇ ರೀಸೆಟ್ ಮಾಡಿಬಿಡು."

"ಇಲ್ರಿ, ಅದು ಬಾಕ್ಸ್ ಬಿಚ್ಚೇ ನೋಡ್ಬೇಕು," ಅಂದ ಮಾಪಣ್ಣ. ಇಪ್ಪತ್ತೇಳು ವರ್ಷದಲ್ಲಿ ಅದು ಎರಡನೇ ಸುಳ್ಳು.

ಭುಜಂಗ ಪರದೆ ಬಿಟ್ಟು ಅವನ ಮುಖ ನೋಡಿದ. ಉಡುಪಿಯವನಿಗೆ ಆವತ್ತಿನ ತಿಥಿ ಗೊತ್ತಿಲ್ಲದೇನೂ ಇರಲಿಲ್ಲ. "ಹೋಗು," ಅಂದ. "ಪಕ್ಕಡ್ ತಗೊಂಡು ಹೋಗು. ಕೈ ಬೀಸಿಕೊಂಡು ಹೋಗ್ಬೇಡ."

ಟಣ್ ಟಣ್ ಅನ್ನಿಸುವ ಮೊದಲೇ ಬಾಗಿಲು ತೆರೆದಿತ್ತು. ಟಿವಿ ತನ್ನ ಪಾಡಿಗೆ ನಡೆಯುತ್ತಿತ್ತು. ಸ್ಟೂಲಿನ ಮೇಲೆ ತಟ್ಟೆ, ತಟ್ಟೆಯಲ್ಲಿ ದೋಸೆ, ಬಟ್ಟಲಲ್ಲಿ ತಂಬುಳಿ. ಟಿವಿಯ ಬಗ್ಗೆ ಇಬ್ಬರೂ ಮಾತೆತ್ತಲಿಲ್ಲ. ಶ್ರೀಪ್ರಿಯಾಳ ಮನೆಗೆ ಹಾವು ಬಂದದ್ದನ್ನು ಅಕ್ಕ ಹೇಳಿದರು. ಅಮೂಲ್ಯಾ ಎರಡು ಭಾನುವಾರದಿಂದ ಬಂದಿಲ್ಲ ಎಂದರು. ಏಸಿಯಲ್ಲಿ ಕೂತು ಕೂತು ಮೊಣಕಾಲು ಇನ್ನಷ್ಟು ಹಿಡಿದಿದೆ ಎಂದು ಮಾಪಣ್ಣ ಹೇಳಿದ. ಹತ್ತು ನಿಮಿಷದ ಬದಲು ಮುಕ್ಕಾಲು ಗಂಟೆಯಾಯಿತು.

"ಕಂಪ್ಲೇಂಟ್ ಏನಂತ ಬರೀಲ್ರಿ?" ಚೀಟಿ ಪುಸ್ತಕ ತೆಗೆದು ಕೇಳಿದ.

"ಡಬ್ಬಿ ಬಿಸಿ ಆಗಿತ್ತು ಅಂತ ಬರೀರಿ."

ಬರೆದ. ವಿಜಿಟ್ ಎಂಬ ಕಡೆ 'ಒಂದು' ಎಂದು ಹಾಕಿದ. ಅಕ್ಕ ಸೈನು ಮಾಡಿ, ಕ್ಯಾಲೆಂಡರಿನ ಹಾಳೆಗಳನ್ನು ಮಗುಚಿ ಕಾರ್ತಿಕದ ಒಂದು ದ್ವಾದಶಿಯ ಮೇಲೆ ಪೆನ್ಸಿಲಿನಿಂದ ಸಣ್ಣ ಗುರುತು ಮಾಡಿದರು.

"ಮೊದಲು ವರ್ಷಕ್ಕೆ ಹನ್ನೆರಡು ಸಲ ಇತ್ತು," ಅಂದರು, ಕ್ಯಾಲೆಂಡರಿಗೇ ಹೇಳುವ ಹಾಗೆ. "ಈಗ ನಾಲ್ಕು. ಇನ್ನು ಮೂರು ಉಂಟು."

"ಜ್ವಾಕಿಲೆ ಇಟ್ಕೋರಿ ಅಕ್ಕಾರ. ಖರೇನೇ ಕೆಟ್ರ ಒಂದು ಬೇಕಾಗ್ತದ."

"ಖರೇನೇ ಕೆಟ್ರೆ ಟಿವಿ ನೋಡುವುದಿಲ್ಲ ಬಿಡಿ. ಅದಕ್ಕೆ ಒಂದು ಕಳೀಲಿಕ್ಕೆ ಆಗುವುದಿಲ್ಲ."

ಮಾಪಣ್ಣ ಮೆಟ್ಟಿಲು ಇಳಿದ. ಎರಡನೇ ಮಾಳಿಗೆಯಲ್ಲಿ ಜೋಶಿ ಆಜೋಬಾರ ಜಾಲರಿ ಬಾಗಿಲಿನ ಎದುರು ಕೈ ತಾನಾಗಿ ಪಕ್ಕಡ್ ಎತ್ತಿತು. ಒಳಗೆ ಟಿವಿಯ ದನಿ ಕೇಳುತ್ತಿತ್ತು. ಹಗಲಲ್ಲೂ ಕತ್ತಲಾದ ಆ ಮನೆಯಲ್ಲಿ ಬಲ್ಬು ಉರಿಯುತ್ತಿರಲಿಲ್ಲ. ಈ ಬಾಗಿಲಿನಿಂದ ಯಾವ ಕಂಪ್ಲೇಂಟೂ ಬಂದಿರಲಿಲ್ಲ. ಪಕ್ಕಡ್ ಅನ್ನು ಚೀಲಕ್ಕೆ ಹಾಕಿ ಗುಂಡಿ ಬಿಗಿದುಕೊಂಡು ಕೆಳಗಿಳಿದ.